ಹತ್ತು ಕೇಳಿದ್ದಕ್ಕೆ ಹತ್ತೂ ಕೊಟ್ಟರು

ಅಕ್ಟೋಬರ್ 6, ಸೋಮವಾರ. ರಾಗಿಗುಡ್ಡ, ಶಿವಮೊಗ್ಗ

ಹಿನ್ನೀರಿನಾಚೆಯ ಬಿದಿರುಕೊಪ್ಪಕ್ಕೆ ಸೇತುವೆ ಕೊಡುತ್ತೇವೆ ಅಂದರು. ಕೊಡಲಿಲ್ಲ. ಸೇತುವೆ ಆಗುವ ತನಕ ಸರ್ಕಾರಿ ದೋಣಿ ಬಿಡುತ್ತೇವೆ ಅಂದರು. ಬಿಡಲಿಲ್ಲ. ಹಿನ್ನೀರು ಸುತ್ತಿಕೊಂಡು ಬರಲು ಬಸ್ಸಾದರೂ ಹಾಕುತ್ತೇವೆ ಅಂದರು. ಒಂದು ಮಳೆಗಾಲ ಓಡಿಸಿ ನಿಲ್ಲಿಸಿದರು. ನೀವೇ ದೋಣಿ ಮಾಡಿಕೊಂಡರೆ ನಮ್ಮ ಅಡ್ಡಿಯಿಲ್ಲ ಅಂದರು. ಮಾಡಿಕೊಂಡೆವು. ಈಗ ಅಡ್ಡ ನಿಂತಿದ್ದಾರೆ.

ಜೀವಮಾನವೆಲ್ಲ ಬೇರೆಯವರಿಗಾಗಿ ಕರಪತ್ರ ಬರೆದೆ. ಯೂನಿಯನ್ನಿನ ಕಾರ್ಯದರ್ಶಿ ಜಗದಾಂಬಾ ಅಂದರೆ ಕಾರ್ಖಾನೆಯ ಗೇಟಿನ ಗೂರ್ಖನೂ ಎದ್ದು ನಿಲ್ಲುತ್ತಿದ್ದ. ಕ್ಯಾಂಟೀನಿನ ಗುತ್ತಿಗೆ ಹೆಂಗಸರಿಗೆ ರೇನ್‌ಕೋಟು ಕೊಡಿಸಿದ್ದು ನಾನು, ರಾತ್ರಿ ಪಾಳಿಗೆ ವ್ಯಾನು ಕೊಡಿಸಿದ್ದು ನಾನು. ನಿವೃತ್ತಿಯಾದ ಮಾತ್ರಕ್ಕೆ ನಾಲಿಗೆಗೇನೂ ನಿವೃತ್ತಿ ಬಂದಿಲ್ಲ.

ನಮ್ಮ ದೋಣಿಯ ಹೆಸರು ‘ಹಕ್ಕು’. ಹಾಯಿದೋಣಿ. ಕಾರ್ಖಾನೆಯಲ್ಲಿ ಎರಕಕ್ಕೆ ಮರದ ಅಚ್ಚು ಮಾಡುತ್ತಿದ್ದ ಚಂದ್ರಹಾಸ ಭದ್ರಾವತಿಯ ತನ್ನ ಮನೆಯ ಹಿಂದಿನ ಶೆಡ್ಡಿನಲ್ಲಿ ಅದನ್ನು ಕಟ್ಟಿದ. ಹಾಯಿ ಹೊಲಿದವಳು ಹೇಮಶ್ರೀ, ಬಿದಿರುಕೊಪ್ಪದ ಹುಡುಗಿ, ಭದ್ರಾವತಿಯ ಗಾರ್ಮೆಂಟ್ಸಿಗೆ ಹೋಗುವವಳು. ಓಡಿಸುವವಳು ಕರಿಬಸಮ್ಮ. ಹುಟ್ಟಿದ್ದೇ ತೆಪ್ಪದಲ್ಲಿ ಅನ್ನುವ ಹಾಗೆ ಹಿನ್ನೀರಿನಲ್ಲಿ ಮೀನು ಹಿಡಿದು ಬೆಳೆದವಳು. ಕ್ಯಾಂಟೀನಿನಲ್ಲಿ ನನ್ನ ಕೈಕೆಳಗೆ ಪಾತ್ರೆ ತೊಳೆಯುತ್ತಿದ್ದಳು. ಗಾಳಿಯನ್ನು ಯಾವ ಬಂಕಿನಲ್ಲೂ ತುಂಬಿಸಬೇಕಾಗಿಲ್ಲ, ಅದಕ್ಕೇ ಹಾಯಿ ಅಂತ ಅವಳೇ ಹಟ ಹಿಡಿದದ್ದು.

ಈಗ ದೋಣಿಗೆ ಪರವಾನಗಿ ಕೊಡುವ ಕಚೇರಿಯ ಹೊಸ ಷರತ್ತು. ಗಾಳಿ ಬಿದ್ದರೆ ನಡುನೀರಿನಲ್ಲಿ ನಿಲ್ಲುತ್ತೀರಿ, ಆದ್ದರಿಂದ ಮೋಟರು ಇಲ್ಲದ ದೋಣಿಗೆ ಜನ ದಾಟಿಸುವ ಪರವಾನಗಿ ಇಲ್ಲ. ನವೆಂಬರ್ ಮುಗಿಯುವುದರೊಳಗೆ ಮೋಟರು ಕೂರಿಸಿ ತಪಾಸಣೆಗೆ ತೋರಿಸಬೇಕು. ಇಲ್ಲದಿದ್ದರೆ ಜನ ದಾಟಿಸುವ ಈ ಕಡವು ರೆಸಾರ್ಟಿನ ಗುತ್ತಿಗೆದಾರನ ಪಾಲು. ಆಮೇಲೆ ಕೊಪ್ಪದ ಹೆಂಗಸರು ಕೆಲಸಕ್ಕೆ ಹೋಗಬೇಕೆಂದರೆ ಅವನ ಸ್ಪೀಡ್ ಬೋಟಿನಲ್ಲಿ, ಪ್ರವಾಸಿಗರು ತುಂಬಿ ಉಳಿದ ಜಾಗದಲ್ಲಿ, ಪ್ರವಾಸಿಗರ ದರ ಕೊಟ್ಟು ಕೂರಬೇಕು.

ಷರತ್ತು ಅವರದಾದರೆ ಮೋಟರೂ ಅವರೇ ಕೊಡಲಿ. ಇವತ್ತು ಶೆಡ್ಡಿನಲ್ಲಿ ಸಭೆ ಕರೆದೆ.

‘ನಾಲ್ಕೈದು ಹಾರ್ಸ್‌ಪವರ್ ಆದ್ರೆ ಸಾಕು ಅಕ್ಕ’ ಅಂದ ಚಂದ್ರಹಾಸ.

‘ಹತ್ತು ಅಂತ ಬರಿ’ ಅಂದೆ.

‘ಹತ್ತು ಯಾಕೆ?’

‘ಎರಡರಷ್ಟು ಕೇಳಿದ್ರೆ ಅರ್ಧ ಸಿಗುತ್ತೆ. ಐದು ಕೇಳು, ಎರಡೂವರೆ ಕೊಟ್ಟು ಫೋಟೊ ತೆಗೆಸ್ಕೋತಾರೆ. ಬೋನಸ್ಸು ಹೆಂಗೆ ಬಂತು? ರೇನ್‌ಕೋಟು ಹೆಂಗೆ ಬಂತು?’

‘ಮೋಟ್ರಿಗೂ ಹಂಗೇನಾ ಜಗದಕ್ಕ?’ ಕರಿಬಸಮ್ಮ ಕೇಳಿದಳು.

‘ಎಲ್ಲದಕ್ಕೂ ಹಂಗೇ.’

ಕೈ ಎತ್ತಿಸಿದೆ. ಎಲ್ಲರ ಕೈಯೂ ಮೇಲೆ ಹೋಯಿತು. ಕರಿಬಸಮ್ಮನದು ಕೊನೆಗೆ. ಹತ್ತು ಹಾರ್ಸ್‌ಪವರ್, ಸರ್ವಾನುಮತದಿಂದ.

ಅಕ್ಟೋಬರ್ 9, ಗುರುವಾರ

ಗೆದ್ದೆವು. ಆದರೆ ಹೀಗೆ ಗೆದ್ದದ್ದು ನನ್ನ ಜನ್ಮದಲ್ಲೇ ಇದೇ ಮೊದಲು.

ಕಚೇರಿಗೆ ಹೋಗುವಾಗ ಪೂರ್ತಿ ತಯಾರಾಗಿ ಹೋಗಿದ್ದೆ. ಇಂಜಿನಿಯರ್ ಕಾಂತರಾಜ್ ಮೂರು ಅನ್ನುತ್ತಾರೆ. ನಾನು ಎದ್ದು ನಿಲ್ಲುತ್ತೇನೆ. ಹೊರಗೆ ಘೋಷಣೆ ಶುರುವಾಗುತ್ತದೆ. ಅವರು ನಾಲ್ಕಕ್ಕೆ ಬರುತ್ತಾರೆ, ನಾನು ಎಂಟಕ್ಕೆ ಇಳಿಯುತ್ತೇನೆ. ಚಹಾ ಬರುತ್ತದೆ. ಐದಕ್ಕೆ ನಿಲ್ಲುತ್ತದೆ. ಸಿಟ್ಟಿನಲ್ಲೇ ಒಪ್ಪಿಕೊಂಡು ಹೊರಗೆ ಬಂದು ಜಯಕಾರ ಹಾಕಿಸುತ್ತೇನೆ. ಇದು ನನಗೆ ಗೊತ್ತಿರುವ ದಾರಿ.

ಅವರು ಕಾಗದ ನೋಡಿ, ‘ಹತ್ತಾ? ಆಯ್ತು ಕೊಡೋಣ. ನೆರೆ ಬಂದಾಗ ರಕ್ಷಣಾ ದೋಣಿಗೆ ಅಂತ ತರಿಸಿದ್ದು ಗೋದಾಮಿನಲ್ಲಿ ಒಂದಿದೆ. ಸದ್ಯಕ್ಕೆ ಖಾಲಿ ಕೂತಿದೆ’ ಅಂದರು.

ನಾನು ಮೇಜು ಕುಟ್ಟಿ, ‘ಹತ್ತಕ್ಕಿಂತ ಒಂದು ಕಡಿಮೆಯಾದರೂ ಒಪ್ಪಲ್ಲ’ ಅಂದೆ. ಬಾಯಿಗೆ ಬಂದಿತ್ತು, ಹೋಯಿತು.

‘ಹತ್ತೇ ಕೊಡ್ತೀನಿ ಅಂದ್ನಲ್ಲ ಮೇಡಂ.’

ಹೊರಗೆ ಬಂದರೆ ಹೆಂಗಸರು ಆಗಷ್ಟೇ ಬ್ಯಾನರು ಬಿಚ್ಚುತ್ತಿದ್ದರು. ಮತ್ತೆ ಸುತ್ತಿಡಿ ಅಂದೆ.

ಅಕ್ಟೋಬರ್ 16, ಗುರುವಾರ

ಮೋಟರು ಬಂತು. ಲಗೇಜ್ ಆಟೋದಲ್ಲಿ ನಿಲ್ಲಿಸಿ, ಸೇವಂತಿಗೆ ಹಾರ ಹಾಕಿ, ಕೆಂಪು ಬಾವುಟ ಕಟ್ಟಿ ಶಿವಮೊಗ್ಗದಿಂದ ಭದ್ರಾವತಿಯವರೆಗೆ ಮೆರವಣಿಗೆ. ನಾನು ಡ್ರೈವರ್ ಪಕ್ಕ ಕೂತಿದ್ದೆ. ದಾರಿಯಲ್ಲಿ ಒಬ್ಬ ಮುದುಕ ‘ಯಾವ ದೇವರಮ್ಮ?’ ಅಂತ ಕೇಳಿದ. ‘ಜನರ ದೇವರು’ ಅಂದೆ. ಕೈ ಮುಗಿದ.

ಕಪ್ಪಗೆ, ಎಮ್ಮೆ ಕರುವಿನಷ್ಟು ದಪ್ಪಗೆ ಇದೆ. ಇಳಿಸಿಕೊಳ್ಳಲು ಗಂಡಸರನ್ನು ಕೂಗಬೇಕಾಯಿತು. ಚಂದ್ರಹಾಸ ಅದರ ಸುತ್ತ ಒಂದು ಸುತ್ತು ಬಂದು ಏನೂ ಹೇಳದೆ ಬೀಡಿ ಹಚ್ಚಿದ. ಸಂತೋಷಕ್ಕೆ ಮಾತೇ ಹೊರಡಲಿಲ್ಲವೇನೋ.

ಅಕ್ಟೋಬರ್ 19, ಭಾನುವಾರ

ಹಿನ್ನೀರಿನಲ್ಲಿ ಪರೀಕ್ಷೆ. ಕೊಪ್ಪದವರೆಲ್ಲ ದಡದಲ್ಲಿ ನಿಂತಿದ್ದರು. ರೆಸಾರ್ಟಿನ ಗುತ್ತಿಗೆದಾರನ ಮೇಸ್ತ್ರಿಯೂ ಬಿಳೀ ಶೂ ಹಾಕಿಕೊಂಡು ಬಂದಿದ್ದ.

ದೋಣಿಯ ಹಿಂಬದಿಯ ಹಲಗೆಗೆ ಮೋಟರು ಬಿಗಿದ ಕೂಡಲೇ ‘ಹಕ್ಕು’ ಹಿಂಗಾಲ ಮೇಲೆ ಕೂತ ನಾಯಿಯ ಹಾಗೆ ಕೂತಿತು. ಕರಿಬಸಮ್ಮ ಚುಕ್ಕಾಣಿ ಹಿಡಿದು ಹಿಂದೆ ಕೂತ ಮೇಲೆ ಹಲಗೆಯ ಅಂಚಿಗೂ ನೀರಿಗೂ ಗೇಣು ಅಂತರವೂ ಉಳಿಯಲಿಲ್ಲ.

‘ಎಕ್ಸಿಲೇಟರ್ ಪೂರ್ತಿ ತಿರುಗಿಸು’ ಅಂತ ದಡದಿಂದ ಕೂಗಿದೆ.

ತಿರುಗಿಸಿದಳು. ಮೂತಿ ಆಕಾಶಕ್ಕೆ ಹೋಯಿತು, ಹಿಂದಿನಿಂದ ನೀರು ಒಳಗೆ ಬಂತು. ಸದ್ದು ಭದ್ರಾವತಿಗೆ ಕೇಳಿಸುವಷ್ಟಿತ್ತು. ಓಟ ಮಾತ್ರ ಹಾಯಿ ಬಿಚ್ಚಿದಾಗಿನದಕ್ಕಿಂತ ಹೆಚ್ಚೇನಿಲ್ಲ. ಕರಿಬಸಮ್ಮ ಒಂದು ಕೈಯಲ್ಲಿ ಚೊಂಬು ಹಿಡಿದು ನೀರು ಮೊಗೆಯುತ್ತಾ ವಾಪಸ್ ಬಂದಳು. ಮೇಸ್ತ್ರಿ ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಹೋದ.

‘ಹಾಯಿದೋಣಿ ಹೊಟ್ಟೆ ನೀರು ಸೀಳ್ಕೊಂಡು ಹೋಗೋಕೆ ಅಕ್ಕ, ನೀರಿನ ಮೇಲೆ ಎದ್ದು ಓಡೋಕಲ್ಲ’ ಅಂದ ಚಂದ್ರಹಾಸ. ‘ಹತ್ತು ಹಾಕಿ, ಇಪ್ಪತ್ತು ಹಾಕಿ, ಅದರ ಓಟ ಅಷ್ಟೇ. ಮಿಕ್ಕಿದ್ದು ನೀರು ಕಲಕೋಕೆ.’

‘ಮೊದಲೇ ಬಾಯಿ ಬಿಡೋದಲ್ವಾ?’

‘ನಾಲ್ಕೈದು ಸಾಕು ಅಂದೆ. ನೀವು ಕೈ ಎತ್ತಿಸಿದ್ರಿ.’

‘ನೀನೂ ಎತ್ತಿದ್ದೆ.’

‘ಯೂನಿಯನ್ ಅಲ್ವಾ ಅಕ್ಕ.’

ವಾಪಸ್ ಕೊಟ್ಟು ಚಿಕ್ಕದು ಕೇಳೋಣ ಅಂದಳು ಹೇಮಶ್ರೀ. ಗೆದ್ದದ್ದನ್ನು ವಾಪಸ್ ಕೊಡುವುದಾ? ಯಾವ ಚಳವಳಿಯಲ್ಲಿ ಯಾರು ಕೊಟ್ಟಿದ್ದಾರೆ? ನಾಳೆ ಸೇತುವೆ ಕೇಳಲು ಹೋದರೆ ‘ಕೊಟ್ಟದ್ದನ್ನೇ ಇಟ್ಟುಕೊಳ್ಳಲಿಲ್ಲ’ ಅನ್ನುವುದಿಲ್ಲವಾ? ಚೆನ್ನಾಗಿಯೇ ಬೈದೆ.

ಕರಿಬಸಮ್ಮ ಸೀರೆ ಹಿಂಡಿಕೊಳ್ಳುತ್ತಾ, ‘ನಿಮಗೆ ಗೆದ್ದ ಮೋಟ್ರು ಬೇಕಾ ಜಗದಕ್ಕ, ದಾಟೋ ದೋಣಿ ಬೇಕಾ?’ ಅಂದಳು.

ಕ್ಯಾಂಟೀನಿನಲ್ಲಿ ಇವಳಿಗೆ ಇಷ್ಟು ಮಾತಿರಲಿಲ್ಲ.

ಅಕ್ಟೋಬರ್ 20

ಹಬ್ಬ. ಎಣ್ಣೆ ಸ್ನಾನ. ಬರೆಯುವಂಥದ್ದೇನೂ ಇಲ್ಲ.

ಅಕ್ಟೋಬರ್ 24, ಶುಕ್ರವಾರ

ದಾರಿ ಹೊಳೆದಿದೆ. ಹಿಂದೆ ಭಾರವಾದರೆ ಮುಂದೆ ಕಲ್ಲು ಹೇರುವುದು. ತಕ್ಕಡಿಯ ಲೆಕ್ಕ. ಬೆಳಿಗ್ಗೆಯೇ ಚಂದ್ರಹಾಸನಿಗೆ ಫೋನ್ ಮಾಡಿದೆ.

‘ಮುಂದೆ ಕಲ್ಲು, ಹಿಂದೆ ಮೋಟ್ರು. ಜನ ಎಲ್ಲಿ ಕೂರಬೇಕು ಅಕ್ಕ?’

ಫೋನ್ ಇಟ್ಟೆ. ಮಧ್ಯಾಹ್ನ ಅವನೇ ಮಾಡಿದ. ‘ಬೇಜಾರು ಮಾಡ್ಕೋಬೇಡಿ. ಒಂದ್ಸಲ ಚಿಕ್ಕ ಮೋಟ್ರುಗಳನ್ನ ನೋಡ್ಕೊಂಡಾದ್ರೂ ಬನ್ನಿ. ನೋಡೋಕೇನು ಕಾಸಾ?’

ನೋಡಿದರೆ ಸೋತ ಹಾಗೇನೂ ಆಗುವುದಿಲ್ಲ.

ಅಕ್ಟೋಬರ್ 27, ಸೋಮವಾರ

ಹೇಮಶ್ರೀ ರಜೆ ಹಾಕಿ ಬಂದಳು. ಬಿ.ಎಚ್. ರಸ್ತೆಯ ಪಂಪ್‌ಸೆಟ್ ಅಂಗಡಿಗಳನ್ನೆಲ್ಲ ಸುತ್ತಿದೆವು. ಎಲ್ಲಿ ಹೋದರೂ ಮೊದಲ ಪ್ರಶ್ನೆ, ‘ಎಷ್ಟು ಎಕರೆ ತೋಟ?’

‘ತೋಟಕ್ಕಲ್ಲ, ದೋಣಿಗೆ’ ಅಂದರೆ ಒಬ್ಬ ಅಡಿಕೆಗೆ ಔಷಧಿ ಹೊಡೆಯುವ ಯಂತ್ರ ತೋರಿಸಿ, ‘ಇದಕ್ಕೇ ಒಂದು ಫ್ಯಾನ್ ಹಾಕ್ಸಿಕೊಡ್ತೀನಿ, ಬರಾಬರ್ ಓಡುತ್ತೆ’ ಅಂದ. ಇನ್ನೊಬ್ಬ ಮಾತ್ರ ಮಂಗಳೂರಿನಿಂದ ದೋಣಿ ಮೋಟರು ತರಿಸಿಕೊಡುವವನು. ಚಿತ್ರಗಳ ಪುಸ್ತಕ ತೆಗೆದ. ನಾನು ಯಾವುದು ಜೋರು ಅಂತ ಕೇಳಿದೆ. ಹೇಮಶ್ರೀ ಯಾವುದು ಹಗುರ ಅಂತ ಕೇಳಿದಳು.

‘ಹಗುರ ಯಾಕಮ್ಮ? ಒಂದ್ಸಲ ಬಿಗಿದ್ರೆ ಅಲ್ಲೇ ಇರುತ್ತಲ್ಲ.’

‘ಎಲ್ಲಿರುತ್ತೆ ಸಾರ್? ರಾತ್ರಿ ಕಡವಲ್ಲಿ ಬಿಟ್ರೆ ಬೆಳಿಗ್ಗೆ ಇರಲ್ಲ. ದಿನಾ ಬಿಚ್ಚಿ ಮನೆಗೆ ಒಯ್ಯಬೇಕು, ದಿಬ್ಬ ಹತ್ತಬೇಕು. ಹಾಯಿ ಬಿಚ್ಚಿದಾಗ ನೀರಿಂದ ಎತ್ತಿ ಮಡಚಬೇಕು, ಇಲ್ಲಾಂದ್ರೆ ಲಂಗರು ಎಳ್ಕೊಂಡು ಹೋದಂಗೆ. ಹೆಂಗಸೊಬ್ಬಳೇ ಎತ್ತೋ ಹಾಗಿರಬೇಕು.’

ಬ್ಯಾಟರಿಯದೂ ಇದೆಯಂತೆ, ಸದ್ದಿಲ್ಲ, ಹೊಗೆಯಿಲ್ಲ. ನನಗೆ ಅದು ಹಿಡಿಸಿತು. ‘ಕೊಪ್ಪದಲ್ಲಿ ಕರೆಂಟ್ ಇರೋದು ಯಾವಾಗ ಜಗದಕ್ಕ?’ ಅಂದಳು. ಅದೂ ಸರಿ. ಕರೆಂಟಿನ ಹೋರಾಟ ಮುಗಿಯದೆ ಬ್ಯಾಟರಿ ಮೋಟರಿಗೆ ಹೋಗುವಂತಿಲ್ಲ.

ಅಂಗಡಿಯವನು ನಾಲ್ಕು ಹಾರ್ಸ್‌ಪವರಿನ ಪೆಟ್ರೋಲಿನದು ತೋರಿಸಿ, ‘ಶಾಫ್ಟ್ ಗಿಡ್ಡದಾ, ಉದ್ದದಾ?’ ಅಂದ. ಮೋಟರಿನಿಂದ ನೀರೊಳಗಿನ ಫ್ಯಾನಿನ ತನಕ ಇಳಿಯುವ ಕಾಲು. ಅದರಲ್ಲೂ ಎರಡು ಥರ ಇದೆ ಅಂತ ನಮಗೇನು ಗೊತ್ತು. ಕೇಳಿಕೊಂಡು ಬರುತ್ತೇವೆ ಅಂದೆವು.

ಗೋಪಿ ಸರ್ಕಲ್ ಹತ್ತಿರ ಮಸಾಲೆ ದೋಸೆ ತಿಂದೆವು. ಹುಡುಗಿಗೆ ಬುದ್ಧಿ ಇದೆ. ಮಾತಾಡಲು ಬಿಟ್ಟರೆ ಮಾತಾಡುತ್ತಾಳೆ.

ನವೆಂಬರ್ 2, ಭಾನುವಾರ

ಮೀನುಗಾರರ ಸಂಘದವರ ಹತ್ತಿರ ಗಿಡ್ಡ ಕಾಲಿನ ಚಿಕ್ಕ ಮೋಟರು ಎರವಲು ತಂದು ನೋಡಿದೆವು. ದೋಣಿ ನೆಟ್ಟಗೆ ಕೂತಿತು. ಹೆಂಗಸರನ್ನು ತುಂಬಿಕೊಂಡು ಹೊರಟಿತು. ಚಪ್ಪಾಳೆ ತಟ್ಟಿದೆ.

ಆಚೆ ದಡ ಹತ್ತಿರವಾದಾಗ ಇಳಿಯಲು ಎಲ್ಲರೂ ಒಟ್ಟಿಗೆ ಎದ್ದು ಮುಂದೆ ಹೋದರು. ಬಸ್ಸಿನ ಅಭ್ಯಾಸ, ಸ್ಟಾಪು ಬರುವ ಮೊದಲೇ ಬಾಗಿಲಿಗೆ. ಮುಂದೆ ಭಾರವಾಗಿ ಹಿಂಭಾಗ ಎದ್ದಿತು. ಫ್ಯಾನು ನೀರಿನಿಂದ ಹೊರಗೆ ಬಂದು ಗಾಳಿಯಲ್ಲಿ ಕಿರುಚತೊಡಗಿತು.

‘ಮಾರಾಯ್ತಿರಾ, ಕೂತ್ಕೊಳ್ರೇ’ ಅಂತ ಕರಿಬಸಮ್ಮ ಕೂಗಿದಳು. ಕೂತರು. ಫ್ಯಾನು ಮುಳುಗಿತು. ಎದ್ದರು. ಮತ್ತೆ ಕಿರುಚಿತು.

ನಾಲ್ಕು ಹಾರ್ಸ್‌ಪವರ್, ಉದ್ದ ಕಾಲು. ಈಗ ಯಾರೂ ಕೈ ಎತ್ತಬೇಕಾಗಿರಲಿಲ್ಲ. ನೀರೇ ಹೇಳಿತ್ತು.

ಹತ್ತನ್ನು ವಾಪಸ್ ಕೊಡುವ ಬಗ್ಗೆ ನಾನು ಇನ್ನೂ ಒಪ್ಪಿಲ್ಲ ಅಂತ ಹೇಳೋಣವೆಂದಿದ್ದೆ. ಅಷ್ಟರಲ್ಲಿ ಗುರುವಾರ ಕಚೇರಿಗೆ ಹೋಗುವುದು ಅಂತ ತೀರ್ಮಾನವಾಗಿತ್ತು. ಬ್ಯಾನರು ನಾನೇ ಬರೆಯುತ್ತೇನೆ ಅಂದೆ.

ನವೆಂಬರ್ 6, ಗುರುವಾರ

‘ಹತ್ತು ಬೇಡ, ನಾಲ್ಕು ಕೊಡಿ.’ ಇಂಥ ಬ್ಯಾನರನ್ನು ಶಿವಮೊಗ್ಗ ಕಂಡಿರಲಿಕ್ಕಿಲ್ಲ. ಪೊಲೀಸ್ ಪೇದೆ ಓದಿ, ಮತ್ತೊಮ್ಮೆ ಓದಿ, ‘ಅಮ್ಮಾ, ಉಲ್ಟಾ ಬರ್ದಿದೀರಾ?’ ಅಂದ.

‘ಸರಿಯಾಗೇ ಬರೆದಿದೀನಿ’ ಅಂದೆ.

ಕಾಂತರಾಜ್ ತಲೆ ಮೇಲೆ ಕೈ ಇಟ್ಟುಕೊಂಡರು. ‘ಮೇಡಂ, ನೀವೇ ಮೇಜು ಕುಟ್ಟಿ ಹತ್ತು ಅಂದ್ರಿ. ಕೊಟ್ಟಿದ್ದನ್ನ ವಾಪಸ್ ತಗೊಳ್ಳೋ ಪದ್ಧತಿ ನಮ್ಮಲ್ಲಿಲ್ಲ. ಕಾರಣ ಏನಂತ ಬರೀಲಿ?’

ನನ್ನೊಳಗೆ ಭಾಷಣ ಎದ್ದು ನಿಂತಿತು. ಸೇತುವೆಯಿಂದ ಶುರು ಮಾಡಿದೆ, ಬಸ್ಸಿಗೆ ಬಂದೆ. ಅವರ ಕಣ್ಣು ಗಡಿಯಾರಕ್ಕೆ ಹೋಯಿತು. ಆ ಕಣ್ಣು ನನಗೆ ಗೊತ್ತು. ಅದಕ್ಕೂ ಒಂದು ಬೈಗುಳ ತಯಾರಿತ್ತು. ಅಷ್ಟರಲ್ಲಿ ಹಿಂದಿನಿಂದ ಕರಿಬಸಮ್ಮ ಮುಂದೆ ಬಂದಳು.

‘ಸಾರ್, ನೀವು ಒಂದ್ಸಲ ಬಂದು ಹಿಂದೆ ಕೂತ್ಕೊಳಿ. ಕೂತು ಆ ದಡಕ್ಕೆ ಹೋಗಿ ಬರೋಣ. ಆಮೇಲೆ ಏನು ಬರೀಬೇಕು ಅಂತ ನಿಮಗೇ ಗೊತ್ತಾಗುತ್ತೆ. ನಾಲ್ಕು ಸಾಕು ನಮಗೆ. ಐದು ಕೊಟ್ರೂ ಬೇಡ. ಉದ್ದ ಕಾಲಿಂದು.’

‘ನಾಲ್ಕು ಅಂದ್ರೆ ಎರಡು ಕೊಟ್ರೆ ನಡೆಯುತ್ತೆ ಅಂತಾನಾ?’ ಅವರು ನನ್ನ ಕಡೆ ನೋಡಿ ನಕ್ಕರು.

‘ಇಲ್ಲ ಸಾರ್. ನಾಲ್ಕು ಅಂದ್ರೆ ನಾಲ್ಕು.’

ಇಷ್ಟು ಬೇಗ ಕೊನೆಯ ಮಾತು ಹೇಳಬಾರದಿತ್ತು, ಕೈಯಲ್ಲಿ ಏನೂ ಉಳಿಯುವುದಿಲ್ಲ ಅಂತ ಮೆಟ್ಟಿಲಿಳಿಯುವಾಗ ಅವಳಿಗೆ ಹೇಳಿದೆ. ‘ಹೌದಾ ಅಕ್ಕ’ ಅಂದಳು. ಅಷ್ಟೇ.

ನವೆಂಬರ್ 8, ಶನಿವಾರ

ಎರಡನೇ ಶನಿವಾರ, ರಜೆ. ಆದರೂ ಕಾಂತರಾಜ್ ತಮ್ಮ ಸ್ವಂತ ಬೈಕಿನಲ್ಲಿ ಬಂದರು. ಇದನ್ನು ಬರೆಯಲೇಬೇಕು. ಬೈಯುವಾಗ ಬೈಯುವ ನಾನು ಇದನ್ನು ಬಿಡುವಂತಿಲ್ಲ.

ಹತ್ತರ ಮೋಟರನ್ನು ಮತ್ತೆ ಬಿಗಿದೆವು. ಕರಿಬಸಮ್ಮ ಅವರನ್ನು ಅದರ ಪಕ್ಕದಲ್ಲೇ ಕೂರಿಸಿದಳು. ಹೊರಟ ಹತ್ತು ಮಾರಿಗೆ ನೀರು ಹಲಗೆ ಹತ್ತಿ ಅವರ ಪ್ಯಾಂಟಿಗೆ ಬಂತು. ‘ತಿರುಗಿಸಿ, ತಿರುಗಿಸಿ’ ಅಂದರು.

‘ಆಚೆ ದಡ ನೋಡ್ಬೇಕಲ್ಲ ಸಾರ್’ ಅಂದಳು.

‘ನೋಡಿದೆ. ಇಲ್ಲಿಂದಲೇ ಚೆನ್ನಾಗಿ ಕಾಣ್ತಿದೆ.’

ದಡದಲ್ಲಿ ಕೂತು ಪ್ಯಾಂಟು ಹಿಂಡಿಕೊಂಡರು. ಹೇಮಶ್ರೀ ಟವೆಲ್ ಕೊಟ್ಟಳು, ಯಾರದೋ ಮನೆಯಿಂದ ಚಹಾ ಬಂತು. ‘ಕಾರಣ ಸಿಕ್ತು’ ಅಂದರು. ‘ಇದು ರಕ್ಷಣಾ ದೋಣಿಯದು, ಅಲ್ಲಿಗೇ ಹೋಗಲಿ. ನಾಲ್ಕರದ್ದು ಬರೀತೀನಿ, ಉದ್ದ ಶಾಫ್ಟು. ತಪಾಸಣೆಗೆ ಮುಂಚೆ ಬರೋ ಹಾಗೆ ನೋಡ್ತೀನಿ.’

ನಾನು ಚಹಾ ಲೋಟಗಳನ್ನು ಒಟ್ಟುಮಾಡಿದೆ. ಮಾತಿನ ಅಗತ್ಯ ಬೀಳಲಿಲ್ಲ.

ನವೆಂಬರ್ 21, ಶುಕ್ರವಾರ

ಬಂತು. ಹಾರ ಹಾಕಲಿಲ್ಲ, ಮರೆತೇ ಹೋಯಿತು. ಹೇಮಶ್ರೀ ಸೊಂಟದ ಮೇಲೆ ಕೊಡ ಇಟ್ಟುಕೊಂಡ ಹಾಗೆ ಇಟ್ಟುಕೊಂಡು ದಿಬ್ಬ ಹತ್ತಿ ಇಳಿದು ತೋರಿಸಿದಳು. ನಾನೂ ಎತ್ತಿದೆ. ಎತ್ತಬಹುದು.

ನವೆಂಬರ್ 27, ಗುರುವಾರ

ತಪಾಸಣೆ.

ತಪಾಸಣಾಧಿಕಾರಿ ದಪ್ಪ ಕನ್ನಡಕದ ಮನುಷ್ಯ, ಲೈಫ್ ಜಾಕೆಟ್ಟಿನ ದಾರವನ್ನೂ ಎಳೆದು ನೋಡಿದರು. ಕಾಂತರಾಜ್ ದಡದಲ್ಲೇ ನಿಂತರು, ಒಣ ಜಾಗದಲ್ಲಿ. ಬಿಳೀ ಶೂಗಳ ಮೇಸ್ತ್ರಿ ಆಚೆ ದಡದಲ್ಲಿ ಫೋನ್ ಹಿಡಿದು ಕಾಯುತ್ತಿದ್ದ. ಕೆಲಸಕ್ಕೆ ಹೊರಟ ಹೆಂಗಸರು ಟಿಫನ್ ಡಬ್ಬಿಗಳ ಸಮೇತ ಹತ್ತಿದರು. ತೋರಿಸಲು ಬಂದವರಲ್ಲ, ನಿಜವಾಗಿಯೂ ಪಾಳಿಗೆ ಹೊರಟವರು.

ನಾನು ಅಧಿಕಾರಿಯ ಪಕ್ಕ ಹೋಗಿ ನಿಂತೆ.

‘ಜಗದಕ್ಕ, ಮುಂದೆ ಮೂತಿ ಹತ್ತಿರ ಕೂತ್ಕೊಳಿ. ಸಾಹೇಬ್ರು ಹಿಂದೆ ಇದಾರೆ, ಮುಂದೆ ಭಾರ ಬೇಕು’ ಅಂದಳು ಕರಿಬಸಮ್ಮ.

ಹೋಗಿ ಕೂತೆ. ಒಳ್ಳೆಯ ಜಾಗ. ಎಲ್ಲರಿಗಿಂತ ಮೊದಲು ಆಚೆ ದಡ ಕಾಣುತ್ತದೆ. ಕೈಗೆ ಹಾಯಿಯ ಒಂದು ಹಗ್ಗ ಕೊಟ್ಟು, ಹೇಳಿದಾಗ ಬಿಡಿ ಅಂದರು. ಹಿಡಿದುಕೊಂಡೆ.

ಹಾಯಿ ತುಂಬಿಕೊಂಡಿತು, ಹೊರಟೆವು. ನಡುನೀರಿಗೆ ಬಂದಾಗ ಗಾಳಿ ಬಿತ್ತು. ಹಾಯಿ ಒಣಗಲು ಹಾಕಿದ ಪಂಚೆಯ ಹಾಗೆ ಜೋತು ನಿಂತಿತು. ‘ಇದಕ್ಕೇ ನಾವು ಹೇಳೋದು’ ಅಂದರು ಅಧಿಕಾರಿ.

ಕರಿಬಸಮ್ಮ ಮೋಟರನ್ನು ನೀರಿಗೆ ಇಳಿಸಿ ಅದರ ಹಗ್ಗ ಎಳೆದಳು. ಕೆಮ್ಮಿತು. ಮತ್ತೆ ಎಳೆದಳು. ಹಿಡಿಯಿತು. ಹೊಲಿಗೆ ಯಂತ್ರದಂಥ ಸದ್ದು. ದೋಣಿ ತಲೆ ಎತ್ತಲಿಲ್ಲ, ಹಿಂದೆ ಕುಸಿಯಲಿಲ್ಲ, ನೆಟ್ಟಗೆ ಹೋಯಿತು. ಅಧಿಕಾರಿ ಎಲ್ಲರನ್ನೂ ಮುಂದೆ ಹೋಗಿ ನಿಲ್ಲಿ ಅಂದರು. ಎಲ್ಲರೂ ಬಂದು ನನ್ನ ಹೆಗಲ ಮೇಲೆ ಬಿದ್ದರು, ಯಾರದೋ ಡಬ್ಬಿ ನನ್ನ ಬೆನ್ನಿಗೆ ಚುಚ್ಚಿತು. ಹಿಂದೆ ಕಿವಿಗೊಟ್ಟೆ. ಫ್ಯಾನು ಕಿರುಚಲಿಲ್ಲ. ಉದ್ದ ಕಾಲು ನೀರು ಬಿಡಲಿಲ್ಲ.

ಗುಡ್ಡದ ಕಡೆಯಿಂದ ನೀರಿನ ಮೇಲೆ ಸುಕ್ಕು ಬರುವುದು ಮೊದಲು ಕಂಡದ್ದು ನನಗೆ. ‘ಗಾಳಿ ಬಂತು ಕಣೇ’ ಅಂದೆ. ಕರಿಬಸಮ್ಮ ಮೋಟರು ನಿಲ್ಲಿಸಿ, ಒಂದೇ ಕೈಯಲ್ಲಿ ಎತ್ತಿ ಮಡಚಿದಳು. ‘ಈಗ ಹಗ್ಗ ಬಿಡಿ ಅಕ್ಕ.’ ಬಿಟ್ಟೆ. ಹಾಯಿ ಎದ್ದಿತು.

‘ಯಾಕೆ ನಿಲ್ಲಿಸಿದ್ರಿ? ಚೆನ್ನಾಗಿ ಓಡ್ತಿತ್ತಲ್ಲ’ ಅಂದರು ಅಧಿಕಾರಿ.

‘ಗಾಳಿ ಬಂತಲ್ಲ ಸಾರ್.’

ನೀರು ದೋಣಿಯ ಮರಕ್ಕೆ ಬಡಿಯುವ ಸದ್ದು ಬಿಟ್ಟರೆ ಬೇರೇನಿರಲಿಲ್ಲ. ಕಾರ್ಖಾನೆಯ ಗೇಟಿನ ಮುಂದೆ ಸಾವಿರ ಗಂಟಲು ಕೇಳಿದ್ದೇನೆ. ಇವತ್ತಿನ ಈ ಸದ್ದಿಗೆ ನನ್ನ ಎದೆ ಅದಕ್ಕಿಂತ ಹೆಚ್ಚು ಉಬ್ಬಿತು.

ಆಚೆ ದಡದಲ್ಲಿ ಅಧಿಕಾರಿ ಪೆನ್ನು ತೆಗೆದು, ‘ದೋಣಿಯ ಜವಾಬ್ದಾರಿ ಯಾರದು?’ ಅಂತ ಕೇಳಿದರು. ನಾನು ಮೂತಿಯಿಂದ ಇಳಿಯಲು ಒದ್ದಾಡುತ್ತಿದ್ದೆ, ಒಂದು ಕಾಲು ಇನ್ನೂ ಒಳಗಿತ್ತು.

‘ನಂದು’ ಅಂದಳು ಕರಿಬಸಮ್ಮ. ಸರಿಯಾಗೇ ಹೇಳಿದಳು.

ಪರವಾನಗಿ ಅವಳ ಹೆಸರಿನಲ್ಲಿದೆ. ಕಡವು ನಮ್ಮದು. ಹೆಂಗಸರು ಪಾಳಿಗೆ ಹೊತ್ತಾಯಿತು ಅಂತ ಜಯಕಾರಕ್ಕೂ ನಿಲ್ಲದೆ ಬಸ್ಸಿಗೆ ಓಡಿದರು. ಚಂದ್ರಹಾಸ ದೋಣಿಯ ಹಿಂಬದಿಯ ಹಲಗೆಯನ್ನು ಅಂಗೈಯಲ್ಲಿ ತಟ್ಟಿ ನೋಡುತ್ತಿದ್ದ. ಮೇಸ್ತ್ರಿಯ ಬಿಳೀ ಶೂ ಕೆಸರಿನಲ್ಲಿ ಹೂತಿತ್ತು. ಕೈ ಕೊಟ್ಟು ಎತ್ತಿದೆವು.

ಇನ್ನು ಸೇತುವೆ. ಎರಡು ಕೇಳುವುದಿಲ್ಲ. ಒಂದು ಕೇಳುತ್ತೇವೆ, ಒಂದನ್ನೇ ತೆಗೆದುಕೊಳ್ಳುತ್ತೇವೆ. ಸಭೆ ಕರೆದಿರುವುದು ಕರಿಬಸಮ್ಮ, ಬ್ಯಾನರು ಹಿಡಿಯುವುದು ನಾನು. ಬಿದಿರುಕೊಪ್ಪದ ಕಡವಿನಲ್ಲಿ, ನವೆಂಬರ್ 30, ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ.